ಲೀಟರಿಗೆ ಮೂವತ್ತೈದು ಗ್ರಾಂ

ಕುರ್ಲಾದ ಮೀನಂಗಡಿಯವನು ನಾಲ್ಕು ಕಿಲೋ ಸಮುದ್ರವನ್ನು
ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಕೊಟ್ಟ.
ಮೂವತ್ತು ಗ್ರಾಂ ಕಡಿಮೆಯಿತ್ತು.
ನಾನು ತಕ್ಕಡಿ ರಿಪೇರಿಯವನು,
ಚಪ್ಪಲಿ ಬಿಡುವ ಮೊದಲೇ ತೂಗಿದ್ದೆ.

‘ಸಮುದ್ರ ಅಲ್ಲೇ ಬಿದ್ಕಂಡದೆ,
ದುಡ್ಡು ಕೊಟ್ಟು ಪೊಟ್ಟಣ ತಂದ್ಯಲೋ’ ಅಂದಳು ಅವ್ವಿ.
ಸಾಣಿಕಟ್ಟೆಯ ಆಗರದಲ್ಲಿ
ಇಪ್ಪತ್ತಾರು ಬೇಸಿಗೆ ಉಪ್ಪು ಎಳೆದವಳು.
ಅವಳು ‘ಅಲ್ಲೇ’ ಅಂದದ್ದು ಭಾಂಡುಪಿನ ಖಾಡಿಯನ್ನು:
ಹೈವೇಯ ಆಚೆ, ಯಾರೂ ಕಟ್ಟೆ ಕಟ್ಟದ ಉಪ್ಪಿನ ಗದ್ದೆಗಳ ಹಿಂದೆ
ನೊರೆ ಕಾರಿಕೊಂಡು ಮಲಗಿರುವುದನ್ನು.
ಅದರಲ್ಲಿ ಕಾಲಿಟ್ಟರೆ
ಶೇಂಗಾ ಸತ್ತೇ ಹೋದೀತು.

ಶೇಂಗಾ ಅಂದರೆ ಏಡಿ. ಯಾಮಿನಿ ಇಟ್ಟ ಹೆಸರು.
ಸತ್ತ ಶಂಖದ ಮನೆಯಲ್ಲಿ ಬಾಡಿಗೆಗಿದ್ದು
ಮೈ ಬೆಳೆದಂತೆ ಖೋಲಿ ಬದಲಿಸುವ ಜಾತಿ.
ನಮ್ಮ ಚಾಳಿನಲ್ಲಿ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.
ಅದಕ್ಕೆ ಎರಡು ಬಟ್ಟಲು, ಒಂದು ಸಿಹಿ, ಒಂದು ಉಪ್ಪು.
ಅಡುಗೆಯ ಉಪ್ಪು ನಡೆಯುವುದಿಲ್ಲ.
‘ಸಮುದ್ರ ಅಂದ್ರೆ ಬರೀ ಉಪ್ಪಲ್ಲ, ಬಾಬಾ’ ಎಂದು
ಯಾಮಿನಿ ಪೊಟ್ಟಣದ ಬೆನ್ನು ಓದಿದಳು:
ಸುಣ್ಣದಂಥದ್ದು, ಮೆಗ್ನೀಷಿಯಂ,
ಮತ್ತೆ ಬಾಯಿಗೆ ಬಾರದ ಎಂಟು.

ಪೆಡ್ಣೇಕರರ ಮಗ ದಂಡ ಹೊಡೆದು ಖಾಲಿ ಮಾಡಿದ
ಪ್ರೋಟೀನ್ ಡಬ್ಬವನ್ನು ತೊಳೆದು, ಎರಡು ದಿನ ಒಣಗಿಸಿ, ಸುರಿದೆ.
ಹೊಸ ಕಾಟಾಗಳ ಪೆಟ್ಟಿಗೆಯಲ್ಲಿ ಬರುವ,
‘ತಿನ್ನಬೇಡಿ’ ಎಂದು ಬರೆದ ಪುಟ್ಟ ಚೀಟಿಗಳನ್ನು
ಮುಚ್ಚಳದ ಒಳಮೈಗೆ ಅಂಟಿಸಿದೆ.
ತೆಗೆಯುವ ಮುಂಚೆ ಪ್ರತಿಸಲ ಡಬ್ಬವನ್ನು ನೆಲದ ಮೇಲೆ ಉರುಳಿಸಬೇಕು;
ಭಾರದ್ದು ಕೆಳಗಿಳಿದಿರುತ್ತದೆ,
ಮೇಲಿನ ಚಮಚ ಅರ್ಧ ಸಮುದ್ರ ಮಾತ್ರ.

ಅವ್ವಿಗೆ ಇದು ಸಹಿಸಲಿಲ್ಲ.
ಉಪ್ಪಿಗೆ ಉಸಿರಾಟ ಬೇಕು, ಅವಳ ಪ್ರಕಾರ.
ಜೂನ್ ಕೊನೆಗೆ ನಾನು ಭಿವಂಡಿಗೆ ಹೋದ ದಿನ
ಅರ್ಧದಷ್ಟನ್ನು ಭರಣಿಗೆ ವರ್ಗಾಯಿಸಿ
ಒಂದು ಹಿಡಿ ಅಕ್ಕಿ ಹಾಕಿ
ಮೇಲೆ ಬಟ್ಟೆ ಕಟ್ಟಿದಳು.
ಬೆಳಗಾಗುವಷ್ಟರಲ್ಲಿ ಗಂಟು.
ತೂಗಿದೆ. ಕಾಣೆಯಾಗಿದ್ದ ಮೂವತ್ತು ಗ್ರಾಂ
ಗಾಳಿಯಿಂದ ಎದ್ದು ಬಂದು ಕೂತಿತ್ತು,
ಇನ್ನೂ ಹನ್ನೊಂದು ಜೊತೆಗೆ ಕರೆದುಕೊಂಡು.
ನೆನೆದ ಉಪ್ಪು ಸುಳ್ಳು ಹೇಳುತ್ತದೆ;
ನೀರನ್ನೂ ಉಪ್ಪಿನ ಲೆಕ್ಕಕ್ಕೆ ಬರೆಸುತ್ತದೆ.
ನಾನು ಕೂಗಾಡಿದೆ. ಹೌದು, ಏಡಿಗಾಗಿ, ಅವ್ವಿಯ ಮೇಲೆ.

ಅವಳೇನೂ ಅನ್ನಲಿಲ್ಲ.
ಗಂಟನ್ನು ಬಕೆಟ್ಟಿನ ಬಿಸಿನೀರಿಗೆ ಹಾಕಿ
ಸೀರೆ ಮೊಣಕಾಲಿಗೆತ್ತಿ
ಕಾಲಿಳಿಬಿಟ್ಟು ಕೂತಳು.
ಒಡೆದ ಹಿಮ್ಮಡಿಯ ಸಂದಿಸಂದಿಗೆ
ಆ ಎಂಟು ಹೆಸರೂ ಇಳಿದವು.
‘ಇದು ನಮ್ಮ ಉಪ್ಪಲ್ಲ’ ಅಂದಳು ಸ್ವಲ್ಪ ಹೊತ್ತಿನ ಮೇಲೆ.
‘ಆದ್ರೂ ಕಚ್ತದೆ.’

ಅದೇ ವಾರ ಶೇಂಗಾ ಪೊರೆ ಬಿಡಲು ಮರಳಿನೊಳಗೆ ಇಳಿಯಿತು.
ಅಗೆಯಬಾರದು. ಮುಟ್ಟಬಾರದು. ಕಾಯಬೇಕು.
ಐದು ದಿನಕ್ಕೊಮ್ಮೆ ಡಬ್ಬ ಉರುಳಿಸಿ,
ಲೀಟರಿಗೆ ಮೂವತ್ತೈದು ಗ್ರಾಂ ತೂಗಿ,
ರಾತ್ರಿಯಿಡೀ ತಣಿಸಿ, ಬಟ್ಟಲು ತುಂಬಿ,
ಯಾರೂ ಬಾರದ ಪಂಕ್ತಿಗೆ ಎಲೆ ಹಾಕಿದ ಹಾಗೆ ಇಟ್ಟೆ.
ಮೂವತ್ತನೆಯ ದಿನದ ಹೊತ್ತಿಗೆ ಯಾಮಿನಿ ಕೇಳುವುದನ್ನು ಬಿಟ್ಟಳು.
ಪೆಡ್ಣೇಕರ್ ಬಾಯಿ ಮೂಗು ಮುಂದೆ ಮಾಡಿ
ವಾಸನೆಯಿದೆಯೋ ನೋಡಿ ಹೋದರು.
‘ಉಪ್ಪು ತಿಂದದ್ದು ನೀರು ಕುಡೀಲಿಕ್ಕೆ ಬತ್ತದೆ’
ಅವ್ವಿ ಅಕ್ಕಿ ಆರಿಸುತ್ತಲೇ ಅಂದಳು.
ಈಗ ಡಬ್ಬದ ಮುಚ್ಚಳವನ್ನು
ಅವಳೇ ಇನ್ನೊಂದು ಸುತ್ತು ಬಿಗಿಯುತ್ತಾಳೆ.

ನಲವತ್ತೊಂದನೆಯ ಬೆಳಗು, ನಾಲ್ಕೂಮುಕ್ಕಾಲು.
ಮರಳು ನಿನ್ನೆಯ ಹಾಗೇ ಇದೆಯೇನೋ.
ಉಪ್ಪಿನ ಬಟ್ಟಲಲ್ಲಿ ನೀರು
ಒಂದು ಅಕ್ಕಿಕಾಳಿನಷ್ಟು ಇಳಿದಿದೆ.
ಆರಿರಬಹುದು ಎನ್ನೋಣವೆಂದರೆ
ಹಗ್ಗದ ಮೇಲೆ ಯಾಮಿನಿಯ ಸ್ಕೂಲಿನ ಸಾಕ್ಸು
ನಾಲ್ಕು ದಿನದಿಂದ ಹಸಿಯಾಗಿಯೇ ತೂಗುತ್ತಿದೆ.